ಬಾರದ ಮೌನ

ಸುದ್ದಿ ಬಂದ ಹೊತ್ತಿಗೆ ಮುತ್ತಕ್ಕನ ಕಿವಿಯಲ್ಲಿ ಕಡಲಿಗೆ ಹೋದ ದೋಣಿಗಳೆಲ್ಲ ಮಿಡಿಯುತ್ತಿದ್ದವು. ಎಷ್ಟು ದೋಣಿ ಎಂದು ಯಾರಾದರೂ ಕೇಳಿದರೆ ಅವಳು ಹೇಳುತ್ತಿರಲಿಲ್ಲ. ಕಡಲಿಗೆ ಇಳಿದದ್ದನ್ನು ಎಣಿಸಬಾರದು, ಹೆಸರು ಹಿಡಿದು ಕರೆಯಬೇಕು ಎಂದು ಅವಳ ಅಜ್ಜಿ ಕಲಿಸಿದ್ದಳು. ಎಣಿಕೆಗೆ ಯಂತ್ರವಿತ್ತು. ಅದು ಗೋಡೆಯ ಮೇಲೆ ತನ್ನ ಪಾಡಿಗೆ ತಾನು ಎಣಿಸಿಕೊಳ್ಳುತ್ತಿತ್ತು.

ಮಧ್ಯಾಹ್ನ ಮೂರರ ಸಮಯ. ಅಳಿವೆಯ ದಂಡೆಯ ಕಾವಲು ಕೇಂದ್ರದ ಮಹಡಿಯಲ್ಲಿ, ಗಾಜಿನ ಗೋಡೆಗೆ ಮುಖಮಾಡಿ, ಕಿವಿಗೆ ಮೆತ್ತನೆಯ ಎರಡು ಬಟ್ಟಲು ಕವಿಚಿಕೊಂಡು ಅವಳು ಕೂತಿದ್ದಳು. ಜೊತೆಯ ಕೆಲಸದ ಸಂಜೀವ ಪೂಜಾರಿ ಬಂದು ಪಕ್ಕದಲ್ಲಿ ನಿಂತ. ಅವನ ಪಾಳಿ ಶುರುವಾಗಲು ಇನ್ನೂ ಒಂದು ತಾಸು ಇತ್ತು.

"ಮುತ್ತಕ್ಕ, ಬಟ್ಲ್ ಇತ್ಲಾಗ್ ಕೊಡಿ."

"ಹೊತ್ತಾಯ್ಲಿಲ್ಲ ಅಲ್ದಾ?"

"ನಿಮ್ಮನಿಯಿಂದ ಫೋನ್ ಬಂತ್. ಶೀನಣ್ಣ ಹೋದ್ರಂಬ್ರ್."

ನೀರಿನ ಪಂಪು ಕೆಟ್ಟಿದೆ ಎನ್ನುವಂತೆ ಹೇಳಿದ. ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಶೀನಪ್ಪ ಮರಕಾಲ ಎಂದರೆ ಮುತ್ತಕ್ಕನ ಗಂಡ. ಬೆಳಿಗ್ಗೆ ಗಂಜಿ ಉಂಡು, ಉಪ್ಪಿನಕಾಯಿಗೆ ಉಪ್ಪು ಜಾಸ್ತಿಯಾಯಿತೆಂದು ದೂರಿ, ಬಲೆ ಹೆಣೆಯಲು ಚಪ್ಪರಕ್ಕೆ ಹೋಗಿದ್ದ ಮನುಷ್ಯ.

ಅವಳು ಎದ್ದು ಓಡಲಿಲ್ಲ. ಆ ಕೋಣೆಯಲ್ಲಿ ಹಾಗೆ ಏಳುವಂತಿರಲಿಲ್ಲ. ಪಾಳಿ ಬಿಡುವವರು ಹೊರಗಿರುವ ಒಂದೊಂದು ದೋಣಿಯ ಹೆಸರನ್ನೂ ಹೇಳಬೇಕು. ಪಾಳಿ ಹಿಡಿಯುವವರು ಕಿವಿಗೊಟ್ಟು, ಆ ಮಿಡಿತ ಸಿಕ್ಕಿದ ಮೇಲೆ "ಇತ್ತ್", ಅಂದರೆ ಇದೆ, ಎನ್ನಬೇಕು. ಕೊನೆಯ ದೋಣಿಯ ತನಕ ಹೀಗೆಯೇ. ಇದು ಕಂಪೆನಿಯ ನಿಯಮವಲ್ಲ, ಕೇಳುಗರು ತಾವೇ ಹಾಕಿಕೊಂಡದ್ದು.

"ಬೊಬ್ಬರ್ಯ ಪ್ರಸಾದ."

"ಇತ್ತ್."

"ಮೀನಾಕ್ಷಿ."

"ಇತ್ತ್."

"ನೀಲಗಂಗೆ."

"ಇತ್ತ್."

ಇಪ್ಪತ್ತು ನಿಮಿಷ ಹಿಡಿಯಿತು. ಒಂದು ಹೆಸರೂ ತಪ್ಪಲಿಲ್ಲ, ಧ್ವನಿಯೂ ನಡುಗಲಿಲ್ಲ. ಕೊನೆಯ "ಇತ್ತ್" ಕೇಳಿಸಿದ ಮೇಲೆ ಎದ್ದಳು. ಎದ್ದವಳಿಗೆ ಚಪ್ಪಲಿ ಎಲ್ಲಿ ಬಿಟ್ಟೆನೆಂದು ತಿಳಿಯಲಿಲ್ಲ. ಬರಿಗಾಲಲ್ಲಿಯೇ ಸುಡುವ ಹೊಯಿಗೆಯ ಮೇಲೆ ಮನೆಗೆ ನಡೆದಳು.

ಶೀನಪ್ಪ ಚಪ್ಪರದ ಕಂಬಕ್ಕೆ ಒರಗಿ, ಬಲೆಯ ಸೂಜಿಯನ್ನು ಬೆರಳಲ್ಲಿ ಹಿಡಿದುಕೊಂಡೇ ಹೋಗಿಬಿಟ್ಟಿದ್ದ. ದಾರಿಯಲ್ಲಿ ಹೋದ ಮೂವರು ಅವನನ್ನು ಮಾತಾಡಿಸಿ, ಮುದುಕ ತೂಕಡಿಸುತ್ತಿದ್ದಾನೆಂದು ನಕ್ಕು ಮುಂದೆ ಹೋಗಿದ್ದರು. ಕೊನೆಗೆ ಅವನ ತಂಗಿ ಗಿರಿಜೆ, ಇಟ್ಟುಹೋದ ಚಾ ಹಾಗೆಯೇ ತಣ್ಣಗಾದದ್ದು ಕಂಡು ಭುಜ ಮುಟ್ಟಿದಳು.

ಕಡಲಿನಲ್ಲಿ ಹತ್ತು ಹರದಾರಿ ಆಚೆ ಯಾರ ದೋಣಿ ತಡವರಿಸಿದರೂ ಕೇಳಿಸುತ್ತಿದ್ದ ಕಿವಿ ಅದು. ಕೂಗಳತೆಯ ದೂರದಲ್ಲಿ ಒಂದು ಎದೆ ನಿಂತದ್ದು ಅದಕ್ಕೆ ಕೇಳಿಸಲಿಲ್ಲ. ಈ ಒಂದು ಯೋಚನೆ ಮುತ್ತಕ್ಕನನ್ನು ಒಳಗೇ ಕೊರೆಯತೊಡಗಿತು.

ಇಲ್ಲಿ ಆ ಕೆಲಸದ ವಿಚಾರ ಸ್ವಲ್ಪ ಹೇಳಬೇಕು. ಮೀನನ್ನು ಅಟ್ಟಿಸಿಕೊಂಡು ಹೋಗುವ ಕಾಲ ಮುಗಿದುಹೋಗಿತ್ತು. ಕಡಲಿನಲ್ಲಿ ಬಹುದೂರ ದೊಡ್ಡ ದೊಡ್ಡ ಪಂಜರಗಳನ್ನು ಇಳಿಬಿಟ್ಟು ಮೀನು ಸಾಕುತ್ತಿದ್ದರು. ದಿನವೂ ದೋಣಿಗೆ ಇಬ್ಬರಂತೆ ಹೋಗಿ ಮೀನಿಗೆ ತಿನ್ನಲು ಹಾಕಿ, ಬೆಳೆದ ಮೀನು ಬಾಚಿಕೊಂಡು ಸಂಜೆಗೆ ಬರುವರು. ಬಲೆ ಇನ್ನೂ ಬೇಕಾಗಿತ್ತು. ಪಂಜರಕ್ಕೂ ಬಲೆಯೇ ಗೋಡೆ. ಪ್ರತಿ ದೋಣಿಯಲ್ಲಿ ಮಿಡಿತದ ಪೆಟ್ಟಿಗೆ ಎಂದು ಒಂದಿತ್ತು. ಅರ್ಧ ನಿಮಿಷಕ್ಕೊಮ್ಮೆ ಅದು ಒಂದು ಮಿಡಿತ ಕಳಿಸುತ್ತದೆ. ಒಂದೊಂದು ದೋಣಿಗೆ ಒಂದೊಂದು ದನಿ. ಎಲ್ಲವೂ ಸೇರಿ ಕೇಳುಗರ ಕಿವಿಯಲ್ಲಿ ಹಂಚಿನ ಮೇಲೆ ಹನಿ ಬಿದ್ದ ಹಾಗೆ ಬೀಳುತ್ತಿರುತ್ತವೆ.

ತೊಂದರೆ ಏನೆಂದರೆ, ಅಲೆ ಎದ್ದಾಗ ಮಿಡಿತಗಳು ತಪ್ಪುತ್ತಲೇ ಇರುತ್ತವೆ. ತಪ್ಪಿದಾಗಲೆಲ್ಲ ಯಂತ್ರ ಕೂಗಿದರೆ ದಿನವಿಡೀ ಕೂಗಬೇಕು. ಆದುದರಿಂದ ಸಾಲಾಗಿ ಮೂರು ತಪ್ಪಿದರೆ ಅದು ಹಳದಿ ದೀಪ ಹಚ್ಚಿ ಮನುಷ್ಯನನ್ನು ಕೇಳುತ್ತದೆ. ಕೇಳುಗ ಕಿವಿಗೊಟ್ಟು, "ಅಲೆ" ಎಂಬ ಗುಂಡಿಯನ್ನೋ "ಅಪಾಯ" ಎಂಬ ಗುಂಡಿಯನ್ನೋ ಒತ್ತಬೇಕು. ಹನ್ನೊಂದು ವರ್ಷ ಎಂಜಿನಿಯರುಗಳು ಹೆಣಗಿದರೂ ಯಂತ್ರಕ್ಕೆ ಆ ವ್ಯತ್ಯಾಸ ತಿಳಿಯಲಿಲ್ಲ. ಇರುವುದು ಅದಕ್ಕೆ ಕೇಳಿಸುತ್ತದೆ. ಇಲ್ಲದ್ದು ಕೇಳಿಸಬೇಕಾದರೆ ಮನುಷ್ಯರೇ ಬೇಕು. ಹೀಗಾಗಿ ಕಂಪೆನಿ ನಾಲ್ವರು ಕೇಳುಗರನ್ನು ಸಂಬಳಕ್ಕೆ ಇಟ್ಟುಕೊಂಡಿತ್ತು. ಅವರಲ್ಲಿ ಹಿರಿಯಳು ಮುತ್ತಕ್ಕ.

ಆರನೆಯ ದಿನ ಮೇನೇಜರ್ ಚಂದ್ರಚೂಡ ಮನೆಗೆ ಬಂದ. ಮೈಸೂರಿನ ಕಡೆಯವನು, ಕೆಟ್ಟವನಲ್ಲ. ಬಂದವನು ಚಪ್ಪಲಿ ಕಳಚಿ, ಜಗಲಿಯಲ್ಲಿ ಕೂತು, ಶೀನಪ್ಪನ ಕುರಿತು ನಾಲ್ಕು ಒಳ್ಳೆಯ ಮಾತಾಡಿದ. ಆಮೇಲೆ ಚೀಲದಿಂದ ಒಂದು ಕಾಗದ ತೆಗೆದ.

"ಇದು ಸಂಬಳದ ಹೊಸ ಏರ್ಪಾಡು, ಮುತ್ತಕ್ಕ. ಈ ಹೊತ್ತಿನಲ್ಲಿ ತರಬಾರದಿತ್ತು. ಮೇಲಿನವರು ಕೇಳೋದಿಲ್ಲ."

ಏರ್ಪಾಡು ಹೀಗಿತ್ತು. ಸಂಬಳ ಹೆಚ್ಚುಕಡಿಮೆ ಒಂದೂವರೆ ಪಟ್ಟು ಆಗುತ್ತದೆ. ಬದಲಿಗೆ ಸೂತಕದ ಹನ್ನೊಂದು ದಿನದ ರಜೆ ಇನ್ನು ಮುಂದೆ ಇಲ್ಲ. ಉತ್ತರಕ್ರಿಯೆಯ, ಊರವರ ಮಾತಿನಲ್ಲಿ ಬೊಜ್ಜದ, ಒಂದು ದಿನ ಮಾತ್ರ. ರಜೆಯ ಜಾಗದಲ್ಲಿ ಕಂಪೆನಿ ತನ್ನ ಖರ್ಚಿನಲ್ಲಿ ಶಮನದ ಚಿಕಿತ್ಸೆ ಕೊಡಿಸುತ್ತದೆ. ತಲೆಗೆ ಒಂದು ಟೊಪ್ಪಿ ಇಟ್ಟುಕೊಂಡು ಮೂರು ಸಂಜೆ ಕೂತರೆ ಸಾಕು, ದುಃಖದ ಮೊನೆ ಮುರಿಯುತ್ತದೆ; ನಾಲ್ಕನೆಯ ದಿನ ಕೆಲಸಕ್ಕೆ ಬರಬಹುದು. ಊರವರು ಆಗಲೇ ಅದಕ್ಕೆ ಮರೆವಿನ ಟೊಪ್ಪಿ ಎಂದು ಹೆಸರಿಟ್ಟಿದ್ದರು. ಸಂಜೀವ ತನ್ನ ತಾಯಿ ಹೋದಾಗ, ಒಂಬತ್ತು ತಿಂಗಳ ಹಿಂದೆ, ಎಲ್ಲರಿಗಿಂತ ಮೊದಲು, ಪ್ರಯೋಗಕ್ಕೆಂದು, ಅದನ್ನು ಇಟ್ಟುಕೊಂಡಿದ್ದ.

"ನನ್ನ ಕಷ್ಟವನ್ನೂ ನೋಡಿ," ಎಂದ ಚಂದ್ರಚೂಡ. "ನಿಮ್ಮೂರಲ್ಲಿ ಒಬ್ಬರು ಹೋದರೆ ನನ್ನ ಅರ್ಧ ಕಚೇರಿ ಖಾಲಿ. ಎಲ್ಲರೂ ಎಲ್ಲರಿಗೂ ನೆಂಟರು!"

ಒಳಗಿನಿಂದ ಗಿರಿಜೆಯ ದನಿ ಬಂತು. "ಅದ್ಕ್ ನಾವೆಂತ ಮಾಡುದ್ ಮರ್ರೆ? ಸಾಯುಕ್ ಮುಂಚೆ ಮೇನೇಜ್ರಿಗೆ ಅರ್ಜಿ ಕೊಡ್ಕಾ?"

ಚಂದ್ರಚೂಡನ ಕಿವಿ ಕೆಂಪಾಯಿತು. ದನಿ ತಗ್ಗಿಸಿ ಹೇಳಿದ: "ಹತ್ತನೆಯ ದಿನದ ಒಳಗೆ ತಿಳಿಸಬೇಕಂತೆ. ಒಪ್ಪದವರನ್ನು ಕಿವಿಯ ಕೆಲಸದಲ್ಲಿ ಇಟ್ಟುಕೊಳ್ಳೋದು ಕಷ್ಟ ಆಗಬಹುದು. ಮೀನು ತೂಗೋ ಕಡೆ ಹಾಕಬಹುದು. ನಾನು ಹೇಳಿದ್ದಲ್ಲ, ಬರೆದಿರೋದು ಓದಿದೆ ಅಷ್ಟೇ."

ಅವನು ಹೋದ ಮೇಲೆ ಗಿರಿಜೆ ಸೆರಗಿಗೆ ಕೈ ಒರಸುತ್ತ ಹೊರಗೆ ಬಂದಳು. "ಬಾಯಿಗ್ ಬಂದದ್ದ್ ಹೇಳ್ದೆ, ಅತ್ಗೆ. ಆದ್ರೆ ಒಂದ್ ಮಾತ್. ನೀವ್ ಐದ್ ದಿನ ಆಯ್ತ್ ಕಣ್ಣ್ ಮುಚ್ಲಿಲ್ಲ. ಆ ಸಂಜೀವನ್ನ ಕಾಣಿ, ಗುಂಡ್ಕಲ್ಲಿನ ಹಾಂಗೆ ಇದ್ದ. ನಿಮ್ಗೂ ಹಾಂಗೆ ಆಪುದಾದ್ರೆ ಬ್ಯಾಡ ಅಂಬುದೆಂತಕ್ಕೆ?"

ಗಿರಿಜೆಯ ಮಾತು ಸುಳ್ಳಾಗಿರಲಿಲ್ಲ. ಮಲಗಿದರೆ ಸಾಕು, ಬಾಗಿಲಲ್ಲಿ ಶೀನಪ್ಪನ ಕೆಮ್ಮಿಗೆ ಮುತ್ತಕ್ಕನ ಕಿವಿ ನಿಮಿರುತ್ತಿತ್ತು. ನಲವತ್ತು ವರ್ಷ ಮನೆಯೊಳಗೆ ಕಾಲಿಡುವ ಮೊದಲು ಅವನು ಒಮ್ಮೆ ಕೆಮ್ಮುತ್ತಿದ್ದ. ಕೆಮ್ಮು ಬರಲಿಲ್ಲ ಎಂದು ಎದೆ ಧಸಕ್ಕೆನ್ನುವುದು. ಮರುಕ್ಷಣ ಮತ್ತೆ ಕಿವಿ ನಿಮಿರುವುದು. ದೋಣಿಯಾಗಿದ್ದರೆ "ಅಪಾಯ" ಎಂದು ಒತ್ತಿ ಯಾರನ್ನಾದರೂ ಕಳಿಸಬಹುದಿತ್ತು. ಇದಕ್ಕೆ ಯಾವ ಗುಂಡಿಯೂ ಇರಲಿಲ್ಲ.

ಎಂಟನೆಯ ದಿನ ಅವಳು ಕುಂದಾಪುರದಲ್ಲಿದ್ದ ಆ ಚಿಕಿತ್ಸೆಯ ಮನೆಗೆ ಹೋದಳು. ಟೊಪ್ಪಿ ಕಂಡುಹಿಡಿದವರಲ್ಲಿ ಒಬ್ಬಳಾದ ಡಾಕ್ಟರ್ ವಸುಮತಿ ಅಲ್ಲಿದ್ದಳು. ಸಂಜೀವ ಮೂರು ತಿಂಗಳಿಗೊಮ್ಮೆಯ ಪರೀಕ್ಷೆಗೆ ಬಂದವನು ಬಾಗಿಲಲ್ಲೇ ಸಿಕ್ಕಿದ.

"ಸಂಜೀವ, ಅಮ್ಮನ ನೆನಪಾಪುದಿಲ್ಯಾ?" ಎಂದು ಕೇಳಿದಳು ಮುತ್ತಕ್ಕ.

"ಆತ್ತಲೆ. ಅಮ್ಮನ ಮುಖ, ಮಾತ್, ಕೊಟ್ಟ ಪೆಟ್ಟ್ ಎಲ್ಲ ನೆನಪಿತ್ತ್. ಬರೀ ನೋವಿಲ್ಲೆ, ಅಷ್ಟೆ." ನಕ್ಕ. "ಬಾಯಿಗೆ ರುಚಿ ಇತ್ತ್, ಕಣ್ಣಿಗೆ ನಿದ್ರೆ ಇತ್ತ್. ಇನ್ನೆಂತ ಬೇಕ್?"

ವಸುಮತಿ ಅವಳನ್ನು ಕೂರಿಸಿ ತಾಳ್ಮೆಯಿಂದ ಹೇಳಿದಳು. ಮನುಷ್ಯನ ಮಿದುಳು ಸುಮ್ಮನೆ ಕೂತಿರುವುದಿಲ್ಲವಂತೆ. ಮುಂದಿನ ಕ್ಷಣ ಏನು ಬರುತ್ತದೆಂದು ಸದಾ ಎದುರು ನೋಡುತ್ತಿರುತ್ತದಂತೆ. ಬರಬೇಕಾದದ್ದು ಬಾರದಿದ್ದರೆ ಒಳಗೊಂದು ಎಳೆ ಚುರುಕ್ಕೆನ್ನುತ್ತದೆ. ನಲವತ್ತು ವರ್ಷ ಜೊತೆಗಿದ್ದವರು ಹೋದರೆ, ಆ ಎದುರು ನೋಡುವುದು ಹೋಗುವುದಿಲ್ಲ. ದಿನಕ್ಕೆ ಸಾವಿರ ಸಲ ಎದುರು ನೋಡುತ್ತದೆ, ಸಾವಿರ ಸಲ ಎಳೆ ಸುಡುತ್ತದೆ. ದುಃಖವೆಂದರೆ ಅಷ್ಟೇ. ಟೊಪ್ಪಿ ಆ ಎಳೆಯನ್ನು ಕತ್ತರಿಸುವುದಿಲ್ಲ, ಒತ್ತಿ ಹಿಡಿಯುತ್ತದೆ.

"ಅಂದ್ರೆ ಅವ್ರ್ ಬತ್ರ್ ಅಂತ ಕಾವುದ್ ನಿಂತ್ ಹೋತ್ತಾ?"

"ಹೌದಮ್ಮ. ಕಾಯುವುದು ನಿಲ್ಲುತ್ತದೆ."

ಮುತ್ತಕ್ಕನ ಕಣ್ಣಿನಲ್ಲಿ ನೀರು ಬಂತು. ನಿದ್ದೆ ಎಂಬ ಒಂದು ವಸ್ತು ಲೋಕದಲ್ಲಿ ಇದೆಯೆಂದು ಆಗ ನೆನಪಾಯಿತು. ಮರುದಿನ ಬೆಳಿಗ್ಗೆ ಚಂದ್ರಚೂಡನಿಗೆ ಹೇಳಿಕಳಿಸಿದಳು: ನಾಳೆ ಬರುತ್ತೇನೆ, ಸಹಿ ಹಾಕುತ್ತೇನೆ, ಸಂಜೆಗೆ ಟೊಪ್ಪಿ ಇಟ್ಟುಕೊಳ್ಳುತ್ತೇನೆ.

ಆ ಒಂಬತ್ತನೆಯ ದಿನದ ಸಂಜೆ ಅವಳು ಚಪ್ಪರದಲ್ಲಿ ಕೂತಿದ್ದಳು. ಶೀನಪ್ಪ ಹೆಣೆಯುತ್ತಿದ್ದ ಬಲೆ ಕಂಬದಿಂದ ಇಳಿಬಿದ್ದಿತ್ತು. ಅದು ಮುಗಿದ ಬಲೆಯೇ, ಒಂದು ಗಂಟು ಬಿಟ್ಟು. ಬಲೆಯ ಕೊನೆಯ ಗಂಟನ್ನು ಹೆಣೆದವನು ಹಾಕುವುದಿಲ್ಲ, ಅದನ್ನು ಕಡಲಿಗೆ ಒಯ್ಯುವವನೇ ತನ್ನ ಕೈಯಿಂದ ಹಾಕಬೇಕು. ಈ ಬಲೆ "ನೀಲಗಂಗೆ"ಯ ಬಚ್ಚ ಮರಕಾಲನದು. ಬಚ್ಚ ಶೀನಪ್ಪನ ದೊಡ್ಡಮ್ಮನ ಮಗ, ಒಂದೇ ಬಳಿಯವನು, ಎಂದರೆ ಒಂದೇ ಕುಲದವನು, ಆದುದರಿಂದ ಅವನಿಗೂ ಸೂತಕ. ಐದು ದಿನ ದೋಣಿ ಕಟ್ಟಿದ್ದ. ಆರನೆಯ ದಿನ, "ಪಂಜರದ ಮೀನಿಗೆ ಸೂತಕ ಇತ್ತಾ ಅತ್ಗೆ? ಉಪಾಸ ಬಿದ್ದ್ ಸಾಯ್ತೊ" ಎಂದು ಹೇಳಿ ಅಳಿಯನನ್ನು ಕರೆದುಕೊಂಡು ಕಡಲಿಗೆ ಹೋಗಿದ್ದ.

ದೋಣಿಗಳು ಒಂದೊಂದಾಗಿ ಅಳಿವೆಯೊಳಗೆ ಬರತೊಡಗಿದವು. ಬಂದ ದೋಣಿ, ಕಡಲಿಗೆ ಹೋದವರನ್ನು ಕಾಯುವ ದೈವ ಬೊಬ್ಬರ್ಯನ ದಂಡೆಯ ಗುಡಿಗೆ ಎದುರಾದಾಗ ಒಮ್ಮೆ ಹಾರ್ನ್ ಹಾಕುವುದು ವಾಡಿಕೆ. "ಬಂದೆ ಸ್ವಾಮಿ" ಎಂದು ಹೇಳಿದ ಹಾಗೆ. ಸೂತಕದ ಮನೆಯ ದೋಣಿ ಮಾತ್ರ ಹಾರ್ನ್ ಹಾಕುವುದಿಲ್ಲ. ಗುಡಿಯ ಎದುರು ಇಂಜಿನಿನ ಸದ್ದು ಇಳಿಸಿ, ತಲೆ ತಗ್ಗಿಸಿದವರಂತೆ ಸುಮ್ಮನೆ ತೇಲಿಕೊಂಡು ದಾಟುತ್ತದೆ. ಹಿಂದಿನ ಮೂರು ಸಂಜೆಯೂ ಮುತ್ತಕ್ಕ ಇಲ್ಲಿಯೇ ಕೂತು ಅದನ್ನು ಕೇಳಿದ್ದಳು. ಸುತ್ತಲಿನ ಗದ್ದಲದ ನಡುವೆ ತುಸು ಹೊತ್ತು ಒಂದು ಮೌನ. ಅದು ದಾಟಿದಾಗ ಬಚ್ಚ ಬಂದ ಎಂದು ಅವಳ ಮನಸ್ಸು ಹೇಳಿಕೊಳ್ಳುತ್ತಿತ್ತು.

ಬೊಬ್ಬರ್ಯ ಪ್ರಸಾದ ಹಾರ್ನ್ ಹಾಕಿತು. ಮೀನಾಕ್ಷಿ ಹಾಕಿತು. ಅದರ ಹಿಂದೆ ಬರಬೇಕಾದ ಮೌನ ಬರಲಿಲ್ಲ.

ಅವಳ ಎದೆ ಧಸಕ್ಕೆಂದಿತು. ಮೊದಲು, ಇದು ಶೀನಪ್ಪನ ಕೆಮ್ಮಿನ ದುಃಖವೇ ಎಂದುಕೊಂಡಳು. ಅದೇ ಜಾಗ, ಅದೇ ಉರಿ. ನಾಳೆ ಸಂಜೆಗೆ ಇದು ಇರುವುದಿಲ್ಲ ಎಂದು ಸಮಾಧಾನ ಹೇಳಿಕೊಂಡಳು. ಇನ್ನೊಂದು ದೋಣಿ ಬಂತು, ಮತ್ತೊಂದು ಬಂತು. ಎದೆ ಸುಮ್ಮನಾಗಲಿಲ್ಲ.

"ಗಿರಿಜೆ, ಬಚ್ಚನ ದೋಣಿ ಬಂತಾ?"

ಗಿರಿಜೆ ದಂಡೆಯ ಕಡೆ ನೋಡದೆಯೇ ಹೇಳಿದಳು. "ಬಂದಿಕ್ಕ್. ಸೂತಕದ ದೋಣಿ ಅಲ್ದಾ, ಸದ್ದಿಲ್ದೆ ಬತ್ತ್."

ದಂಡೆಯಲ್ಲಿ ಮೀನು ಇಳಿಸುತ್ತಿದ್ದವರನ್ನು ಕೇಳಿದರೆ ಅವರದೂ ಅದೇ ಮಾತು. ಬಂದಿರಬೇಕು, ಸದ್ದಿಲ್ಲದೆ ಬರುತ್ತದಲ್ಲ. ಯಾರೂ ನೋಡಿರಲಿಲ್ಲ. ನೋಡಲಿಲ್ಲವೆಂದು ಯಾರಿಗೂ ಅನುಮಾನವೂ ಬಂದಿರಲಿಲ್ಲ. ಸೂತಕದವರನ್ನು ದಿಟ್ಟಿಸಿ ನೋಡಬಾರದೆಂಬ ಮರ್ಯಾದೆಯೇ ಎಲ್ಲರ ಕಣ್ಣು ಕಟ್ಟಿಬಿಟ್ಟಿತ್ತು.

ಮುತ್ತಕ್ಕ ಕಾವಲು ಕೇಂದ್ರಕ್ಕೆ ಫೋನ್ ಮಾಡಿದಳು. ಪಾಳಿಯಲ್ಲಿದ್ದವನು ಸಂಜೀವ.

"ಸಂಜೀವ, ನೀಲಗಂಗೆ ಕೇಂತಾ ಇತ್ತಾ?"

"ಅದಾ? ಆಗಳೆ ಹಳದಿ ಬಂದಿತ್ತ್. ಅಲೆ ಅಂತ ಒತ್ತಿದೆ. ಅರ್ಧ ತಾಸ್ ಬಿಟ್ಟ್ ಮತ್ತೆ ಬಂತ್, ಮತ್ತೆ ಒತ್ತಿದೆ."

"ಮಿಡಿತ ಇತ್ತಾ ಇಲ್ಯಾ?"

"ಇಲ್ಲೆ. ಸೂತಕದ ದೋಣಿ ಅಲ್ದಾ ಮುತ್ತಕ್ಕ, ಸುಮ್ನಿರ್ತ್."

"ಸಂಜೀವಾ! ಹಾರ್ನಿಗೆ ಸೂತಕ. ಮಿಡಿತಕ್ಕ್ ಎಂಥಾ ಸೂತಕ?"

ಆ ಕಡೆಯಿಂದ ಅವನ ಅದೇ ಸಮಾಧಾನದ ದನಿ ಕೇಳಿಸಿತು: "ಹೌದಲ್ದಾ. ನಂಗ್ ಹೊಳಿಲೇ ಇಲ್ಲೆ."

"ಅಪಾಯ ಒತ್ತ್. ಈಗ ಒತ್ತ್. ನಂಗ್ ಕೇಂಬ್ಹಾಂಗೆ ಒತ್ತ್!"

ಫೋನಿನಲ್ಲಿ ಗಂಟೆ ಬಡಿಯಿತು. ಕೆಂಪು ಬಣ್ಣದ ರಕ್ಷಣೆಯ ದೋಣಿ ನೀರು ಸೀಳಿಕೊಂಡು ಅಳಿವೆಯ ಬಾಯಿ ದಾಟಿದ್ದನ್ನು ಅವಳು ಕಂಡಳು. ಹೊತ್ತು ಮುಳುಗಲು ಇನ್ನೂ ಎರಡು ಮಾರು ಇತ್ತು.

ಆ ಮೇಲಿನ ಒಂದು ತಾಸನ್ನು ಅವಳು ಬೊಬ್ಬರ್ಯನ ಗುಡಿಯ ಹೊರಗೆ ನಿಂತು ಕಳೆದಳು. ಸೂತಕವಾದ್ದರಿಂದ ಒಳಗೆ ಹೋಗುವಂತಿಲ್ಲ, ಕೈಮುಗಿಯುವುದಕ್ಕೂ ಅವಳ ಮನಸ್ಸು ಹಿಂಜರಿಯಿತು. ಬಚ್ಚನ ಮಗಳು ಬಂದು ಪಕ್ಕದಲ್ಲಿ ನಿಂತಳು. ಅಪ್ಪ, ಗಂಡ ಇಬ್ಬರೂ ಅದೇ ದೋಣಿಯಲ್ಲಿ. ಆ ಹುಡುಗಿ ಮುತ್ತಕ್ಕನ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

ಮೊದಲು ಮುತ್ತಕ್ಕನಿಗೇ ಕೇಳಿಸಿತು. ರಕ್ಷಣೆಯ ದೋಣಿ ಬೇಗ ಬರುತ್ತಿರಲಿಲ್ಲ, ಏನನ್ನೋ ಎಳೆದುಕೊಂಡು ಬರುವ ಇಂಜಿನಿನ ಏದುಸಿರು ಅದು. ಗುಡಿಗೆ ಎದುರಾದಾಗ ಆ ಇಂಜಿನ್ ಇಳಿಯಿತು. ಬರಬೇಕಾದ ಮೌನ ಬಂತು. ಸೂತಕದ ಮರ್ಯಾದೆಯನ್ನು ಆ ಸ್ಥಿತಿಯಲ್ಲೂ ಬಚ್ಚ ಬಿಡಲಿಲ್ಲ, ರಕ್ಷಣೆಯವರಿಗೂ ಹೇಳಿ ಇಂಜಿನ್ ಇಳಿಸಿದ್ದ.

ನೀಲಗಂಗೆಯ ಅಡಿ ಒಡೆದು ನೀರು ನುಗ್ಗಿತ್ತು. ಪೆಟ್ಟಿಗೆ, ಫೋನು, ದೀಪ ಎಲ್ಲ ಒಂದೇ ಸಲ ಸತ್ತಿದ್ದವು. ಮಾವ ಅಳಿಯ ಇಬ್ಬರೂ ಕ್ಯಾಬಿನ್ನಿನ ಚಾವಣಿಯ ಮೇಲೆ ಕೂತಿದ್ದರಂತೆ, ನೀರು ಮೊಣಕಾಲಿಗೆ ಬಂದಿತ್ತಂತೆ. ಕಂಬಳಿ ಹೊದ್ದು ದಂಡೆಗಿಳಿದ ಬಚ್ಚ ಚಳಿಗೆ ಹಲ್ಲು ಕಟಕಟಿಸುತ್ತಲೇ ಹೇಳಿದ:

"ಶೀನಣ್ಣ ಮೇಲಿಂದ ಕರೂದ್ ಕೇಂಡಿತ್ ಅತ್ಗೆ. ನಾ ಹೋಯ್ಲಿಲ್ಲ. ನಿನ್ನ ಬೊಜ್ಜದ ಊಟ ಉಣ್ದೆ ಬಪ್ಪುದ್ ಹ್ಯಾಂಗೆ ಅಂತ ಕೇಂಡೆ."

ಗಿರಿಜೆ ಅಳುತ್ತ ಅವನ ಬೆನ್ನಿಗೆ ಎರಡು ಗುದ್ದಿದಳು. "ಹೊಟ್ಟೆಬಾಕ! ಸಾಯುವತ್ತಿಗೂ ಊಟದ್ದೇ ಚಿಂತೆ!"

ದಂಡೆಯವರೆಲ್ಲ ನಕ್ಕರು. ಮುತ್ತಕ್ಕನಿಗೂ ನಗು ಬಂತು. ನಗುವಿನ ಬೆನ್ನಿಗೇ ಅಳು ಬಂತು. ಒಂಬತ್ತು ದಿನ ಬಾರದಿದ್ದ ಅಳು ಅದು. ಹೊಯಿಗೆಯ ಮೇಲೆ ಕೂತು ಅತ್ತಳು. ಯಾರೂ ಸುಮ್ಮನಿರೆಂದು ಹೇಳಲಿಲ್ಲ. ಆ ದಿನ ಮನೆಗೆ ಹೋಗಿ ಮಲಗಿದವಳು ಬೆಳಗಾಗುವ ತನಕ ನಿದ್ದೆ ಮಾಡಿದಳು.

ಹತ್ತನೆಯ ದಿನ ಹೇಳಿದ ಹೊತ್ತಿಗೆ ಸರಿಯಾಗಿ ಕಚೇರಿಗೆ ಹೋದಳು. ಒಳಗೆ ಗಣಪತಿಯ ಪಟವಿದ್ದುದರಿಂದ ಜಗಲಿಯಲ್ಲೇ ನಿಂತಳು. ಚಂದ್ರಚೂಡ ತಾನೇ ಕುರ್ಚಿಗಳನ್ನು ಹೊರಗೆ ತಂದು ಹಾಕಿದ. ಸುದ್ದಿ ಕೇಳಿ ವಸುಮತಿಯೂ ಕುಂದಾಪುರದಿಂದ ಬಂದಿದ್ದಳು. ಸಂಜೀವ ಮೂಲೆಯಲ್ಲಿ ನಿಂತಿದ್ದ. ತಪ್ಪು ಮಾಡಿದವನ ಮುಖವೂ ಅವನಿಗೆ ಇರಲಿಲ್ಲ. ಅದನ್ನು ನೋಡಿಯೇ ಮುತ್ತಕ್ಕನಿಗೆ ಕನಿಕರವಾಯಿತು.

"ಹೋದವರಿಗೆ ಕಾಯುವ ಎಳೆ ಬೇರೆ, ಬರಬೇಕಾದವರಿಗೆ ಕಾಯುವ ಎಳೆ ಬೇರೆ ಅಂದುಕೊಂಡಿದ್ದೆ," ಎಂದಳು ವಸುಮತಿ. ಅವಳ ಕಣ್ಣಲ್ಲಿ ನಿದ್ದೆಯಿರಲಿಲ್ಲ. "ನಿನ್ನೆ ರಾತ್ರಿಯಿಂದ ಸಂಜೀವ ಅವರ ಪರೀಕ್ಷೆಯ ಚಿತ್ರಗಳನ್ನೇ ನೋಡುತ್ತಿದ್ದೇನೆ. ಎರಡೂ ಒಂದೇ ಎಳೆ. ಒಂದನ್ನು ಒತ್ತಿದರೆ ಇನ್ನೊಂದೂ ಮಂಕಾಗುತ್ತದೆ. ಈ ಒಂಬತ್ತು ತಿಂಗಳು ಅವರಿಗೆ ಕೇಳಿಸಿದ್ದೆಲ್ಲ ಇರುವುದು ಮಾತ್ರ."

"ಒಂಬತ್ತ್ ತಿಂಗ್ಳ್ ಕಡಲ್ ಕರುಣೆ ತೋರ್ಸಿತ್, ಹಾಂಗಾರೆ," ಎಂದಳು ಮುತ್ತಕ್ಕ. "ನಿಮ್ ತಪ್ಪಲ್ಲ ಡಾಕ್ಟ್ರೇ. ನಮ್ಗ್ ಇದ್ ಮುಂಚೆಯೇ ಗೊತ್ತಿತ್ತ್. ಗೊತ್ತಿತ್ತ್ ಅಂಬುದ್ ಗೊತ್ತಿರ್ಲಿಲ್ಲ, ಅಷ್ಟೆ. ಕಾವುಕ್ ಬತ್ತ್ ಅಂದ್ರೆ ಕಣ್ಣೀರ್ ಹಾಕುಕೂ ಬರ್ಕ್."

ಚಂದ್ರಚೂಡ ಕಾಗದವನ್ನು ಅವಳ ಮುಂದೆ ಹಿಡಿದ. "ಮೇಲಿನವರಿಗೆ ರಾತ್ರಿಯೇ ಬರೆದೆ. ಅವರು ಕಾಗದವನ್ನು ಇನ್ನೂ ಹಿಂದಕ್ಕೆ ತೆಗೆದುಕೊಂಡಿಲ್ಲ. ಒಪ್ಪೋದು ಬಿಡೋದು ಈಗಲೂ ನಿಮ್ಮ ಕೈಲೇ ಇದೆ. ಬಿಟ್ಟರೆ ಸಂಬಳ ಏರೋದಿಲ್ಲ, ಅದನ್ನೂ ಹೇಳಬೇಕಲ್ಲ."

ಮುತ್ತಕ್ಕ ಕಾಗದ ತೆಗೆದುಕೊಂಡು ಮೊಣಕಾಲ ಮೇಲೆ ಇಟ್ಟುಕೊಂಡಳು. ಸಹಿಯ ಜಾಗದಲ್ಲಿ, ಅಕ್ಷರಗಳನ್ನು ಒಂದೊಂದಾಗಿ ಜೋಡಿಸುತ್ತ, "ನನಗೆ ಒಪ್ಪಿಗೆ ಇಲ್ಲ" ಎಂದು ಬರೆದು ಕೆಳಗೆ ಹೆಸರು ಹಾಕಿದಳು.

"ಸಂಬಳ ಹಳೇದೇ ಇರ್ಲಿ, ಮೇನೇಜ್ರೇ. ಹನ್ನೊಂದ್ ದಿನ ನಂಗಿರ್ಲಿ. ಕಿವಿ ಕೊಡುಕಾಪುದಿಲ್ಲ. ಅದ್ರೊಳ್ಗ್ ನಮ್ಮನಿಯವ್ರೂ ಇದ್ರ್. ಮೀನ್ ತೂಗುಕ್ ಹಾಕುದಾದ್ರೆ ಹಾಕಿ."

"ನಿಮ್ಮನ್ನ ತಕ್ಕಡಿಗೆ ಹಾಕಿದರೆ ಊರವರು ನನ್ನನ್ನ ಕಡಲಿಗೆ ಹಾಕ್ತಾರೆ," ಎಂದ ಚಂದ್ರಚೂಡ. ಕಾಗದವನ್ನು ಮಡಚಿ ಜೇಬಿನಲ್ಲಿ ಇಟ್ಟುಕೊಂಡ. ಅವನ ಮುಖವೂ ಹಗುರಾಗಿತ್ತು. "ಬೊಜ್ಜ ಮುಗಿಸಿ ಬನ್ನಿ. ನಿಮ್ಮ ಕುರ್ಚಿ ಹಾಗೇ ಇರುತ್ತೆ. ಹಾಂ, ಅದರ ಕೆಳಗೆ ನಿಮ್ಮ ಚಪ್ಪಲಿ ಇದೆ. ಹತ್ತು ದಿನದಿಂದ ಯಾರೂ ಮುಟ್ಟಿಲ್ಲ."

ಸಂಜೀವ ಹೋಗಿ ಚಪ್ಪಲಿ ತಂದು ಅವಳ ಕಾಲ ಬಳಿ ಇಟ್ಟ. "ಮುತ್ತಕ್ಕ, ಆ ಎಳೆ ತಿರ್ಗಿ ಏಳ್ತ್ ಅಂಬ್ರ್ ಡಾಕ್ಟ್ರ್. ಟೊಪ್ಪಿ ಮತ್ತೆ ಇಡ್ದಿದ್ರೆ ಮೂರ್ ನಾಕ್ ತಿಂಗ್ಳ್ ಅಂಬ್ರ್." ಮತ್ತೆ ಕೇಳಿದ: "ಆಗ ಅಮ್ಮ ಹೋದದ್ದ್ ನಂಗ್ ಹೊಸ್ತಾಗಿ ಗೊತ್ತಾತ್ತಾ?"

"ಗೊತ್ತಾತ್ತ್. ಆ ದಿನ ನಮ್ಮನಿಗೆ ಬಾ. ಒಟ್ಟಿಗೆ ಕೂಕಂಡ್ ಅಳುವ."

ಕಚೇರಿಯ ಮೆಟ್ಟಿಲಿಳಿದು ಮುತ್ತಕ್ಕ ಚಪ್ಪಲಿ ಮೆಟ್ಟಿಕೊಂಡಳು. ತಲೆಯ ಮೇಲಿನ ಹೊರೆಯನ್ನು ಯಾರೋ ಇಳಿಸಿದಂತೆ ಕುತ್ತಿಗೆ ಹಗುರಾಗಿತ್ತು. ದುಃಖ ಹೋಗಿರಲಿಲ್ಲ, ಅದು ಇದ್ದ ಜಾಗದಲ್ಲೇ ಇತ್ತು. ಅದನ್ನು ಯಾರಿಗೂ ಒಪ್ಪಿಸಬೇಕಾಗಿಲ್ಲ ಎಂಬುದೇ ಒಂದು ದೊಡ್ಡ ನೆಮ್ಮದಿಯಾಗಿತ್ತು. ದಾರಿಯುದ್ದಕ್ಕೂ ಶೀನಪ್ಪನ ಉಪ್ಪಿನಕಾಯಿಯ ದೂರು ನೆನಪಾಗುತ್ತಿತ್ತು. ನಿಜಕ್ಕೂ ಆ ದಿನ ಉಪ್ಪು ಜಾಸ್ತಿಯೇ ಆಗಿತ್ತು.

ಹನ್ನೊಂದನೆಯ ದಿನ ಬೊಜ್ಜ ನಡೆಯಿತು. ಬಾಳೆಲೆಯ ಮೇಲೆ ಅನ್ನವಿಟ್ಟು ಕರೆದಾಗ ಕಾಗೆ ತಡಮಾಡದೆ ಬಂತು. ನೆಂಟರೆಲ್ಲ ಉಂಡರು, ಬಚ್ಚ ಎರಡು ಸಲ ಪಾಯಸ ಹಾಕಿಸಿಕೊಂಡ. ಆಮೇಲೆ ಕೈ ತೊಳೆದು ಚಪ್ಪರಕ್ಕೆ ಬಂದ. ಶೀನಪ್ಪನ ಬೆರಳಿನಿಂದ ತೆಗೆದಿಟ್ಟಿದ್ದ ಸೂಜಿಯನ್ನು ಮುತ್ತಕ್ಕ ಅವನ ಕೈಗೆ ಕೊಟ್ಟಳು. ಬಚ್ಚ ಸೂಜಿಯನ್ನು ಕಣ್ಣಿಗೊತ್ತಿಕೊಂಡು, ಬಲೆಯ ಕೊನೆಯ ಗಂಟನ್ನು ತನ್ನ ಕೈಯಾರೆ ಹಾಕಿ ಬಿಗಿದ.

ಸಂಜೆ ದೋಣಿಗಳು ಬರುವ ಹೊತ್ತಿಗೆ ಮುತ್ತಕ್ಕ ಮಿಂದು, ಒದ್ದೆ ಕೂದಲಿನಲ್ಲಿ ಬೊಬ್ಬರ್ಯನ ಗುಡಿಗೆ ಹೋದಳು. ಸೂತಕ ಕಳೆದಿತ್ತು, ಒಳಗೆ ಹೋಗಿ ನಿಂತಳು. ದೀಪ ಹಚ್ಚಿ ಕೈಮುಗಿದಳು. ಪಾಳಿ ಬಿಡುವಾಗ ಹೇಳುವ ದನಿಯಲ್ಲಿ, ತಪ್ಪಿಲ್ಲದೆ, ನಡುಗದೆ, ಒಂದೇ ಹೆಸರು ಹೇಳಿದಳು.

"ಶೀನಪ್ಪ ಮರಕಾಲ."

ಮತ್ತೆ ಕಣ್ಣು ಮುಚ್ಚಿ ಬೇಡಿಕೊಂಡಳು: "ಸ್ವಾಮೀ, ನಲವತ್ತ್ ವರ್ಷ ಇವ್ರನ್ನ ನಾ ಕೇಂಡೆ. ಕೊನೀ ಗಳಿಗೆ ನಂಗ್ ಕೇಂಡಿಲ್ಲ, ನಿಂಗ್ ಕೇಂಡಿತ್. ನನ್ ಪಾಳಿ ಮುಗೀತ್, ಇನ್ನ್ ನಿನ್ನದ್. ಬಾಗಿಲಲ್ಲಿ ಒಂದ್ ಸಲ ಕೆಮ್ಮ್ತ್ರ್, ಒಳ್ಗ್ ಕರ್ಕೋ. ಅಲೆ ಇಲ್ಲದ ಜಾಗದಲ್ಲಿ ಕೂರ್ಸ್. ಅವ್ರ ಆತ್ಮಕ್ಕ್ ಶಾಂತಿ ಕೊಡ್, ಸ್ವಾಮೀ."